ಬಿಲ್ಲು ತೋರಿಸಿ ಹೇಳುವ ಬೆಲೆ

ಹಳೇ ಹೈ-ಎಂಡ್ ಆಡಿಯೋ ಮಾರುವವರು ಮೊದಲು ತೋರಿಸೋದು ಸೆಟ್ಟನ್ನಲ್ಲ, ಬಿಲ್ಲನ್ನು. "ಎರಡೂವರೆ ಲಕ್ಷ ಕೊಟ್ಟಿದ್ದು ಸಾರ್, ಅರ್ಧಕ್ಕೆ ಬಿಡ್ತಿದೀನಿ." ಈ ಅರ್ಧ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಕಾರಿಗೆ ವರ್ಷಕ್ಕಿಷ್ಟು ಅಂತ ಕಳೆಯೋ ಹಾಗೆ ಇಲ್ಲೂ ಕಳೆದರೆ ನ್ಯಾಯ ಆಯ್ತು ಅನ್ನೋ ನಂಬಿಕೆ. ನನ್ನ ತಕರಾರು ಈ ಲೆಕ್ಕದ ಮೇಲೇ.

ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ತಗೊಳ್ಳಿ. 1979ರಲ್ಲಿ ಬಂದದ್ದು. ಬೆಲ್ಟಿಲ್ಲ, ಮೋಟಾರೇ ತಟ್ಟೆಯನ್ನು ತಿರುಗಿಸುತ್ತೆ. ಡಿಸ್ಕೋಗಳಲ್ಲಿ ದಿನಾ ಏಟು ತಿಂದವೂ ಇವತ್ತಿಗೂ ಓಡ್ತಿವೆ. 2010ರಲ್ಲಿ ಕಂಪನಿ ಈ ಸರಣಿಯ ತಯಾರಿಕೆ ನಿಲ್ಲಿಸಿತು. 2016ರಲ್ಲಿ ಮತ್ತೆ ಹೊಸ 1200 ತಂದಾಗ ಬೆಲೆ ಸುಮಾರು 4,000 ಡಾಲರ್! ಇಂಥ ಯಂತ್ರಕ್ಕೆ ಮೊದಲನೇ ಬಿಲ್ಲಿನ ಅರ್ಧ ಅಂದ್ರೆ ಮಾರುವವನಿಗೆ ಅನ್ಯಾಯ.

ಅದೇ ಅರ್ಧದ ಲೆಕ್ಕವನ್ನು ದುಬಾರಿ ಸಿ.ಡಿ. ಪ್ಲೇಯರಿಗೆ ಹಾಕಿ. ಒಳಗಿನ ಲೇಸರ್ ಸವೆದು, ಆ ಬಿಡಿಭಾಗ ಎಲ್ಲೂ ಸಿಗದಿದ್ದರೆ ಅದು ಚೆಂದದ ಅಲ್ಯೂಮಿನಿಯಂ ಡಬ್ಬ, ಅಷ್ಟೆ. ಹೋಮ್ ಥಿಯೇಟರ್ ರಿಸೀವರ್ ಕಥೆ ಇನ್ನೂ ಬೇಗ ಮುಗಿಯುತ್ತೆ: ಎಚ್‌ಡಿಎಂಐ ಒಂದು ಮೆಟ್ಟಿಲು ಮೇಲೇರಿದರೆ ಸಾಕು, ಲಕ್ಷದ ಮಾಲು ಮೂಲೆಗೆ. ಸ್ಪೀಕರಿನಲ್ಲಿ ಕೋನಿನ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತೆ. ಆದರೆ ಅದನ್ನು ಹೊಸದಾಗಿ ಹಾಕಿಸಬಹುದು. ಆಂಪ್ಲಿಫೈಯರಿನ ಕೆಪಾಸಿಟರುಗಳು ವರ್ಷಗಟ್ಟಲೆ ಕೂತರೆ ಒಣಗುತ್ತವೆ, ಅವನ್ನೂ ಬದಲಿಸಬಹುದು. ಜಪಾನಿನಿಂದ ತರಿಸಿದ 100 ವೋಲ್ಟಿನ ಸೆಟ್ಟಾದರೆ ನಮ್ಮ 230ಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು. "ಮಿಂಟ್ ಕಂಡೀಷನ್" ಅನ್ನುವವರು ಹೇಳ್ತಿರೋದು ಹೊರಗಿನ ಪೇಂಟಿನ ವಿಷಯ.

ಹಾಗಾದ್ರೆ ಬೆಲೆ ಕಟ್ಟೋದು ಹೇಗೆ? ಸರಿಯಾಗಿ ಹಾಡುವ ಅಂಥದ್ದೇ ಸೆಟ್ಟು ಈಚೆಗೆ ಎಷ್ಟಕ್ಕೆ ಕೈಬದಲಾಯ್ತು ನೋಡಬೇಕು. ಕೇಳಿದ ಬೆಲೆಯಲ್ಲ, ಕೊಟ್ಟ ಬೆಲೆ. ಅದರಿಂದ ಇದನ್ನು ಹಾಡಿಸೋ ಖರ್ಚು ಕಳೆಯಬೇಕು. ಅವರು ಅಂದು ಕಟ್ಟಿದ ಕಸ್ಟಮ್ಸ್ ಸುಂಕ, ಮೂರಡಿ ಕೇಬಲ್ಲಿಗೆ ಸುರಿದ ಇಪ್ಪತ್ತು ಸಾವಿರ, ಇವೆಲ್ಲ ಅವರ ಆಸೆಯ ಖರ್ಚು. ಎರಡನೆಯವನು ಯಾಕೆ ಹೊರಬೇಕು?

ಆದರೆ ಇದೇ ಲೆಕ್ಕ ಕೊಳ್ಳುವವನ ಕೈಗೆ ಸಿಕ್ಕಾಗ ಇನ್ನೊಂದು ಮೋಸ ಶುರುವಾಗುತ್ತೆ. ಯಜಮಾನರು ತೀರಿಕೊಂಡ ಮನೆಗಳನ್ನು ನೋಡಿದೀನಿ. ಹೆಂಡತಿಗೆ ಅದು ಹಾಲಿನಲ್ಲಿ ಜಾಗ ತಿನ್ನುವ ಸಾಮಾನು. ಬಂದವನು ಗ್ಯಾರಾರ್ಡ್ 301 ಅಂತ ಬಾಗಿಲಲ್ಲೇ ಗುರುತು ಹಿಡಿದಿರುತ್ತಾನೆ. 1950ರ ದಶಕದ ಆ ಇಂಗ್ಲಿಷ್ ಟರ್ನ್‌ಟೇಬಲ್ಲಿಗೆ ಜಗತ್ತಿನಾದ್ಯಂತ ಜನ ಕಾದಿದ್ದಾರೆ ಅಂತಲೂ ಗೊತ್ತು. ಬಾಯಲ್ಲಿ ಮಾತ್ರ "ತುಂಬಾ ಹಳೇದಮ್ಮಾ, ಪಾರ್ಟ್ ಸಿಗಲ್ಲ. ಗುಜರಿಗಿಂತ ಒಂದ್ಸಾವಿರ ಜಾಸ್ತಿ ಕೊಡ್ತೀನಿ." ಆಮೇಲೆ ಗೆಳೆಯರ ನಡುವೆ ಇದನ್ನೇ ಬೇಟೆಯ ಕಥೆ ಮಾಡಿ ಹೇಳ್ತಾನೆ. ನಾವೂ "ಲಕ್ಕಿ ಕಣಯ್ಯಾ" ಅಂತೀವಿ. ಬಿಲ್ಲು ಹಿಡಿದು ಹೆಚ್ಚು ಕೇಳುವವನನ್ನು ನೋಡಿ ನಗೋ ನಮ್ಮ ಬಳಗ ಈತನಿಗೆ ಚಪ್ಪಾಳೆ ತಟ್ಟುತ್ತೆ.

ಇವನು ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಒಂದು ಚೀಟಿಯಲ್ಲಿ ಮಾಡೆಲ್ ನಂಬರು, ಹಾಡುವ ಸೆಟ್ಟಿಗೆ ಈಗಿರುವ ಬೆಲೆ, ರಿಪೇರಿಯ ಅಂದಾಜು, ಮೂರನ್ನೂ ಬರೆದು ಆಕೆಯ ಕೈಗೆ ಕೊಟ್ಟು, ಮಗಳನ್ನೋ ಅಳಿಯನನ್ನೋ ಕೇಳಿ ಹೇಳಿ ಅಂತ ಎದ್ದು ಬರಬಹುದು. ಚೌಕಾಸಿ ಆಮೇಲೆ ಮಾಡ್ಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ.