ಮರೆವು ಯಾರ ಸ್ವತ್ತು?

ಪತ್ತೇದಾರಿ ಕತೆಗಳನ್ನು ನಮ್ಮ ವಿಮರ್ಶೆ ಎಂದೂ ತನ್ನ ಪಂಕ್ತಿಯಲ್ಲಿ ಕೂಡಿಸಿಕೊಂಡಿಲ್ಲ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರೂ ಹೊರಗೇ ನಿಂತರು. ಮಾನ್ವಿ ತಾಲ್ಲೂಕಿನ ನಮ್ಮ ಕುರ್ಡಿಯಲ್ಲಿ ನನಗೆ ಓದಿನ ರುಚಿ ಹತ್ತಿಸಿದ್ದು ಅವರ ಪತ್ತೇದಾರ ಪುರುಷೋತ್ತಮನೇ. ಪಂಕ್ತಿಯಿಂದ ಎಬ್ಬಿಸಿದವರಿಗೆ ಅಂಥ ಪುಸ್ತಕ ಬೇಗ ಒಗ್ಗುತ್ತದೆ. ಆ ಋಣದಿಂದಲೇ ‘ಮುಂಬೈ ಪೊಲೀಸ್’ ಚಿತ್ರದ ಬಗ್ಗೆ ಈ ಮಾತು.

2013ರಲ್ಲಿ ಬಂದ ಈ ಮಲಯಾಳಂ ಚಿತ್ರದ ನಿರ್ದೇಶಕ ರೋಷನ್ ಆಂಡ್ರ್ಯೂಸ್. ಬರೆದವರು ಬಾಬಿ ಮತ್ತು ಸಂಜಯ್. ಗುಟ್ಟು ಬಿಡಿಸದೆ ಇದನ್ನು ಚರ್ಚಿಸಲಾಗದು, ಬಿಡಿಸಿಯೇ ಬಿಡುತ್ತೇನೆ. ಪೊಲೀಸ್ ಅಧಿಕಾರಿ ಆಂಟನಿ ಮೋಸೆಸ್ (ಪೃಥ್ವಿರಾಜ್) ತನ್ನ ಗೆಳೆಯ ಆರ್ಯನ್‌ನ ಕೊಲೆಗಾರನ ಹೆಸರನ್ನು ಮೇಲಧಿಕಾರಿಗೆ ಫೋನಿನಲ್ಲಿ ಹೇಳುವಷ್ಟರಲ್ಲಿ ಅಪಘಾತವಾಗುತ್ತದೆ, ನೆನಪು ಅಳಿಯುತ್ತದೆ. ಅದೇ ತನಿಖೆ ಮತ್ತೆ ಅವನ ಕೈಗೇ ಬರುತ್ತದೆ. ಹುಡುಕುತ್ತ ಹೋದರೆ ಕೊಲೆಗಾರ ತಾನೇ. ಆಂಟನಿ ಸಲಿಂಗಪ್ರೇಮಿ, ಅದು ಗೊತ್ತಾಗಿ ಆರ್ಯನ್ ಛೀ ಎಂದಿದ್ದ.

ಅಳಿಯನ ಮೊಬೈಲಿನಲ್ಲಿ ನೋಡಿ ಮುಗಿಸಿದಾಗ ಅವನು ಕೇಳಿದ: “ಮಾಮಾ, ನೆನಪೇ ಇಲ್ಲ ಅಂದಮ್ಯಾಲ ಅಂವಂದೇನು ತಪ್ಪು?”

ಚಿತ್ರದ ದೊಡ್ಡತನ ಇರುವುದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಲ್ಲಿ. ಆಂಟನಿ ಮರೆವಿನ ಮರೆಯಲ್ಲಿ ಅಡಗುವುದಿಲ್ಲ. ತಾನು ಮಾಡಿದ ನೆನಪಿಲ್ಲದ ಕೆಲಸಕ್ಕೂ ತಾನೇ ಹೊಣೆ ಎಂದು ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ನಮಗೆ ಹಗಲೂ ರಾತ್ರಿ ಸಿಗುವ ಉಪದೇಶ ಬೇರೆ: “ಹಳೇದೆಲ್ಲ ಯಾಕ ಕೆದರತೀರಿ? ಅದು ನಮ್ಮ ಹಿರ್ಯಾರು ಮಾಡಿದ್ದು, ನಮಗೇನು ನೆನಪದ?” ಮರೆತವನಿಗೂ ಹೊಣೆಯುಂಟು ಎಂದು ಒಂದು ವ್ಯಾಪಾರಿ ಥ್ರಿಲ್ಲರ್ ಹೇಳುತ್ತದೆ. ನಮ್ಮ ಎಷ್ಟೋ ಗಂಭೀರ ಕಾದಂಬರಿಗಳು ಹೇಳಲಾರದ ಮಾತು ಅದು.

ನನ್ನ ತಕರಾರು ಇನ್ನೊಂದು ಕಡೆ ಇದೆ. ಮುಚ್ಚಿಟ್ಟ ಗುರುತನ್ನು ಚಿತ್ರ ಕೊನೆಯ ಪಟಾಕಿಯಂತೆ ಸಿಡಿಸುತ್ತದೆ. ಪ್ರೇಕ್ಷಕ ಬೆಚ್ಚಿಬೀಳಬೇಕು, ಅಷ್ಟೇ. ಆ ಗುರುತು ಬಯಲಾದರೆ ಬದುಕೇ ಮುಗಿಯಿತು ಎಂಬ ಭಯವನ್ನು ಅವನೊಳಗೆ ಇಟ್ಟವರು ಯಾರು? ಆ ತನಿಖೆ ನಡೆಯುವುದೇ ಇಲ್ಲ. ಕೊಲೆಗೆ ಕ್ಷಮೆ ಕೇಳುತ್ತಿಲ್ಲ ನಾನು. ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ “ನಿಮ್ಮ ಪೈಕಿ ಯಾವುದು?” ಎಂದು ಕೇಳಿದ ಮಾಲೀಕನೆದುರು ನಾನು ಸುಳ್ಳು ಹೇಳಿದ್ದೇನೆ. ಆರು ತಿಂಗಳು ಆ ಮನೆಯೊಳಗೆ ಅವ್ವನ ಫೋನು ಬಂದರೂ ದನಿ ತಗ್ಗಿಸಿ ಮಾತಾಡಿದ್ದೇನೆ. ಗುರುತು ಮುಚ್ಚಿಟ್ಟವನ ಎದೆಬಡಿತ ನನಗೆ ಸಸ್ಪೆನ್ಸ್ ಅಲ್ಲ, ದಿನಚರಿ.

ಮರೆವಿನ ಮಾತಿಗೆ ಮರಳುತ್ತೇನೆ. ಆಂಟನಿಗೆ ಫೈಲು, ಇಲಾಖೆ, ನಂಬುವ ಮೇಲಧಿಕಾರಿ ಇದ್ದಾರೆ. ಅವನ ನೆನಪು ಹೋದರೂ ಅವನ ಮಾತಿಗೆ ಬೆಲೆ ಇದೆ. ನಮ್ಮವರ ನೆನಪು ಗಟ್ಟಿಯಿದ್ದರೂ ಬೆಲೆ ಇಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೋರ್ಟಿನ ಕಟಕಟೆಯಲ್ಲಿ ಬರುವ ಮರೆವು ತಲೆಗೆ ಪೆಟ್ಟು ಬಿದ್ದು ಬಂದದ್ದಲ್ಲ. ನಾಳೆ ಅದೇ ಊರಲ್ಲಿ ಬಾಳಬೇಕಲ್ಲ ಎಂಬ ಅಂಜಿಕೆಯಿಂದ ಬಂದದ್ದು.

ನೆನಪು ಗೆದ್ದದ್ದೂ ಉಂಟು. ಗಂಗಾವತಿಯ ಟಾಕೀಸಿನಲ್ಲಿ ಹುಟ್ಟಿದ ಜಗಳ 2014ರ ಆಗಸ್ಟಿನಲ್ಲಿ ಮರಕುಂಬಿಯ ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಹತ್ತು ವರ್ಷ ನೆನಪನ್ನು ಕಾಯುವುದೆಂದರೆ ಏನೆಂದು ಯಾವ ಪತ್ತೇದಾರಿ ಕತೆಗೂ ಇನ್ನೂ ಗೊತ್ತಿಲ್ಲ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಬಂದಾಗ ನಾವು ಅವನ್ನು ಆತ್ಮಕಥೆ ಎಂದು ಓದಿದೆವು. ಅವನ್ನು ಸಾಕ್ಷಿಯ ಹೇಳಿಕೆಗಳಾಗಿಯೂ ಓದಬೇಕಿದೆ. ಬರೆಯುವ ನಮ್ಮ ಹುಡುಗರು ಈ ಥ್ರಿಲ್ಲರ್ ರೂಪವನ್ನು ಬಿಟ್ಟುಕೊಡಬಾರದು. ಅದರೊಳಗೆ ತನಿಖೆಯ ಅಧಿಕಾರಿಯ ಬದಲು ಆ ಸಾಕ್ಷಿಯನ್ನು ತಂದು ನಿಲ್ಲಿಸಲಿ.

ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. “ಮರೆತರೂ ತಪ್ಪು ತಪ್ಪೇ, ತಮ್ಮಾ” ಅಂದೆ. ಅವನು ಸುಮ್ಮನೆ ಮೊಬೈಲು ಆರಿಸಿದ. ತುಸು ಹೊತ್ತಿನ ಮೇಲೆ ಕೇಳಿದ: “ಹಂಗಾದ್ರ ನಮ್ಮೂರಾಗ ಎಷ್ಟು ಮಂದಿ ಒಪ್ಪಿಸಿಕೋಬೇಕು, ಮಾಮಾ?”