ಆ ಬೋರ್ಡು ತೆಗೆದಿದ್ದು ಯಾರು?

‘ಹಿಡನ್ ಫಿಗರ್ಸ್’ ನೋಡಿದವರಿಗೆ ಒಂದು ದೃಶ್ಯವಂತೂ ನೆನಪಿರುತ್ತೆ. ನಾಸಾದ ಬಾಸ್ ಪಾತ್ರದ ಕೆವಿನ್ ಕಾಸ್ಟ್ನರ್, ಶೌಚಾಲಯದ ಮೇಲಿನ ‘ಕಲರ್ಡ್’ ಬೋರ್ಡನ್ನು ಎಲ್ಲರೆದುರು ಕಬ್ಬಿಣದ ಸಲಾಕೆಯಿಂದ ಬಡಿದು ಕೆಡವುತ್ತಾನೆ. ಅಲ್ಲಿಯವರೆಗೆ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ ಫೈಲುಗಳನ್ನು ಅವುಚಿಕೊಂಡು ಅರ್ಧ ಮೈಲಿ ಓಡುತ್ತಿರುತ್ತಾಳೆ. ಚಪ್ಪಾಳೆ ಗ್ಯಾರಂಟಿ. ಆದ್ರೆ ಇದು ನಡೆದೇ ಇಲ್ಲ. ಆ ಬಾಸ್ ಕೂಡ ಹಲವರನ್ನು ಕಲಸಿ ಮಾಡಿದ ಪಾತ್ರ.

ಸಿನಿಮಾಕ್ಕೆ ಮೂಲವಾದ ಮಾರ್ಗೊ ಲೀ ಶೆಟರ್ಲಿ ಪುಸ್ತಕದಲ್ಲಿ ಕ್ಯಾಥರೀನ್ ಓಡೋದಿಲ್ಲ. 1953ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ಕೇಂದ್ರಕ್ಕೆ ಸೇರಿದ ಆಕೆ, ಬೋರ್ಡಿಲ್ಲದ ಹತ್ತಿರದ ಶೌಚಾಲಯಕ್ಕೇ ಹೋಗುತ್ತಿದ್ದರು. ಅದು ಬಿಳಿಯರದ್ದು ಅಂತ ಗೊತ್ತಾದ ಮೇಲೂ ಅಲ್ಲಿಗೇ ಹೋದರು, ಅಷ್ಟೇ.

ಬೋರ್ಡು ತೆಗೆದ ನಿಜವಾದ ಕಥೆ ಬೇರೆಯೇ ಇದೆ. ಆಗ ಕಂಪ್ಯೂಟರ್ ಅಂದ್ರೆ ಯಂತ್ರವಲ್ಲ, ಕೂತು ಲೆಕ್ಕ ಮಾಡುವ ಮನುಷ್ಯರು. ಕ್ಯಾಂಟೀನಿನ ಹಿಂದಿನ ಒಂದು ಮೇಜಿನ ಮೇಲೆ ‘ಕಲರ್ಡ್ ಕಂಪ್ಯೂಟರ್ಸ್’ ಅಂತ ಪುಟ್ಟ ಬೋರ್ಡು. 1943ರಲ್ಲಿ ಕೆಲಸಕ್ಕೆ ಸೇರಿದ್ದ ಮಿರಿಯಂ ಮ್ಯಾನ್ ಒಂದಿನ ಅದನ್ನೆತ್ತಿ ಪರ್ಸಿಗೆ ಹಾಕಿಕೊಂಡರು. ಕೆಲವು ದಿನಕ್ಕೆ ಹೊಸ ಬೋರ್ಡು ಬಂತು. ಅದೂ ಪರ್ಸಿಗೆ. ಇಡುವವರು ಇಡೋದು, ಇವರು ತೆಗೆಯೋದು. ಕೊನೆಗೆ ಇಡುವವರೇ ಸುಸ್ತಾದರು.

ಸಿನಿಮಾದವರು ಪರ್ಸನ್ನು ಬಿಟ್ಟು ಸಲಾಕೆ ಹಿಡಿದರು. ಸ್ವಾತಂತ್ರ್ಯ ತಗೊಳ್ಳಲಿ ಬಿಡಿ, ಸಿನಿಮಾ ಅಂದ್ಮೇಲೆ ಅದೆಲ್ಲ ಇದ್ದಿದ್ದೇ. ನನ್ನ ತಕರಾರು ಬೇರೆ. ಮಿರಿಯಂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಕಳೆದುಕೊಳ್ಳೋಕೆ ಕೆಲಸವೂ ಇತ್ತು. ಸಿನಿಮಾದಲ್ಲಿ ವರ್ಣಭೇದ ಅನ್ನೋದು ಒಳ್ಳೆಯ ಬಾಸ್‌ನ ಗಮನಕ್ಕೆ ಬಾರದೆ ಉಳಿದ ಸಂಗತಿ. ಗಮನಕ್ಕೆ ಬಂದ ಕೂಡಲೇ ಸರಿಹೋಗುತ್ತೆ. ಮಹಿಳಾ ದಿನಕ್ಕೆ ಆಫೀಸಲ್ಲಿ ತೋರಿಸಲು ಹೇಳಿ ಮಾಡಿಸಿದ ಸಿನಿಮಾ, ಯಾವ ಮ್ಯಾನೇಜರಿಗೂ ಮುಜುಗರವಾಗೋದಿಲ್ಲ.

ಆ ಕೆಲಸಗಳ ಬಾಗಿಲು ತೆರೆದದ್ದೂ ಯಾರದೋ ಒಳ್ಳೆಯತನದಿಂದ ಅಲ್ಲ. 1941ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್, ಸಾವಿರಾರು ಕಪ್ಪು ಜನರನ್ನು ವಾಷಿಂಗ್ಟನ್ನಿಗೆ ಕರೆತರ್ತೀನಿ ಅಂತ ಪಟ್ಟು ಹಿಡಿದ ಮೇಲೆ ರೂಸ್‌ವೆಲ್ಟ್, ರಕ್ಷಣಾ ಉದ್ಯಮದ ನೇಮಕಾತಿಯಲ್ಲಿ ಭೇದ ಮಾಡಬಾರದು ಅಂತ ಆದೇಶಕ್ಕೆ ಸಹಿ ಹಾಕಿದರು. ಸಿನಿಮಾದಲ್ಲಿ ಈ ರಾಂಡಾಲ್ಫ್ ಇಲ್ಲ.

ಡೊರೊಥಿ ವಾನ್ ಕಥೆಯನ್ನಂತೂ ಪೂರ್ತಿ ತಲೆಕೆಳಗು ಮಾಡಿದ್ದಾರೆ. 1961ರಲ್ಲೂ ಆಕೆ ಸೂಪರ್‌ವೈಸರ್ ಹುದ್ದೆಗೆ ಅಂಗಲಾಚುತ್ತಿರುತ್ತಾಳೆ, ಕೊನೆಗೆ ಬಡ್ತಿ ಸಿಗುತ್ತೆ, ನಾವೆಲ್ಲ ಕಣ್ಣೊರೆಸಿಕೊಂಡು ಎದ್ದು ಬರ್ತೀವಿ. ನಿಜದಲ್ಲಿ ಡೊರೊಥಿ 1949ರಿಂದಲೇ ಆ ವಿಭಾಗವನ್ನು ನಡೆಸುತ್ತಿದ್ದರು, ಮೊದಲು ಹಂಗಾಮಿಯಾಗಿ, ಆಮೇಲೆ ಕಾಯಂ ಆಗಿ. 1958ರಲ್ಲಿ ನಾಸಾ ಹುಟ್ಟಿದಾಗ ಕಪ್ಪು ಮಹಿಳೆಯರ ಪ್ರತ್ಯೇಕ ವಿಭಾಗ ರದ್ದಾಯಿತು, ಅದರ ಜೊತೆಗೇ ಆಕೆಯ ಮುಖ್ಯಸ್ಥೆ ಹುದ್ದೆಯೂ. ಆಕೆ ಫೋರ್ಟ್ರಾನ್ ಕಲಿತರು, ಪ್ರೋಗ್ರಾಮರ್ ಆದರು. 1971ರಲ್ಲಿ ನಿವೃತ್ತರಾಗುವವರೆಗೂ ಮತ್ತೆ ಅಂಥ ಹುದ್ದೆ ಸಿಗಲಿಲ್ಲ.