ಅರ್ಜಿದಾರರನ್ನು ಅರಿಯದ ಜಾಲತಾಣಗಳು

ದಾವಣಗೆರೆಯ ಒಂದು ಸೈಬರ್ ಸೆಂಟರ್. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಾಯಿಯೊಬ್ಬರು ಅಂದಿನ ಕೂಲಿ ಬಿಟ್ಟು, ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಲು ಬಂದಿದ್ದರು. ಮೂರು ಪುಟ ತುಂಬಿ ಆಗಿತ್ತು. ನಾಲ್ಕನೆಯ ಪುಟಕ್ಕೆಂದು ಚೀಲದಿಂದ ಆದಾಯ ಪ್ರಮಾಣ ಪತ್ರ ಹುಡುಕಿ ತೆಗೆಯುವಷ್ಟರಲ್ಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: ಅವಧಿ ಮುಗಿದಿದೆ. ತುಂಬಿದ್ದೆಲ್ಲ ಅಳಿಸಿಹೋಯಿತು. "ಮೊದಲಿಂದ ಹಾಕ್ಬೇಕಮ್ಮಾ" ಎಂದ ಸೆಂಟರಿನ ಹುಡುಗ. "ನಾನೇನು ತಪ್ಪು ಮಾಡಿದೆನಪ್ಪಾ?" ಎಂದು ಆಕೆ ಕೇಳಿದರು.

ಆಕೆ ಏನೂ ತಪ್ಪು ಮಾಡಿರಲಿಲ್ಲ. ತಪ್ಪು ಆ ಪುಟವನ್ನು ಕಟ್ಟಿದವರದು. ತಮ್ಮ ತಪ್ಪನ್ನು ಬಳಸುವವರ ತಲೆಗೆ ಕಟ್ಟುವುದೇ ನಮ್ಮ ಎಷ್ಟೋ ಜಾಲತಾಣಗಳ ದೊಡ್ಡ ದೋಷ.

ಹೆಸರಿನ ವಿಷಯವನ್ನೇ ನೋಡಿ. ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ ಎನ್ನುವ ಅರ್ಜಿಗಳಿವೆ. ಮನೆತನದ ಹೆಸರೇ ಇಲ್ಲದ ಒಬ್ಬ ನೂರ್‌ಜಹಾನ್ ಎರಡನೆಯ ಚೌಕದಲ್ಲಿ ಏನು ಬರೆಯಬೇಕು? ಆಕೆಯ ಪತಿಯ ಹೆಸರಿನಲ್ಲಿರುವ 'ಮೊಹಮ್ಮದ್' ಆಧಾರ್‌ನಲ್ಲಿ ಪೂರ್ಣವಾಗಿ, ಪಡಿತರ ಚೀಟಿಯಲ್ಲಿ ಎರಡೇ ಇಂಗ್ಲಿಷ್ ಅಕ್ಷರಗಳಾಗಿ, ಶಾಲಾ ದಾಖಲೆಯಲ್ಲಿ ಇನ್ನೊಂದು ಸ್ಪೆಲ್ಲಿಂಗ್‌ನಲ್ಲಿ ಇರಬಹುದು. ಓದುವ ಮನುಷ್ಯನಿಗೆ ಮೂರೂ ಒಂದೇ; ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಇದು ಮುಸ್ಲಿಮರ ಕಷ್ಟ ಮಾತ್ರವಲ್ಲ. ಹೆಸರಿನ ಜೊತೆ ಬರೀ ಇನಿಷಿಯಲ್ ಇರುವ ಬಸವರಾಜಪ್ಪನವರ ಪಾಡೂ ಇದೇ.

ಊರಿನ ಹೆಸರೂ ಅಷ್ಟೆ. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಎ' ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಹರಿಹರದ ಕೊನೆಯ 'ಎ' ಕೂಡ ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇಲ್ಲ. ಅಲ್ಲದೆ 1997ರವರೆಗೆ ಈ ಎರಡೂ ಊರುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಆಗಿನ ಜನನ ಪತ್ರ ಹಿಡಿದು ಬಂದವರು ಪಟ್ಟಿಯಲ್ಲಿ ಯಾವ ಜಿಲ್ಲೆಯನ್ನು ಒತ್ತಬೇಕು? ಎರಡನ್ನೂ ಒಪ್ಪುವ ಏರ್ಪಾಡು ಮಾಡುವುದು ಕಷ್ಟವೇನಲ್ಲ. ಇಲ್ಲಿಯ ಜನರನ್ನು ಒಮ್ಮೆ ಕೇಳಿದರೆ ಸಾಕು.

ಇನ್ನು ಭಾಷೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಎಂಬ ಕನ್ನಡ ಫಾಂಟ್ ಕೂಡ ಬಂತು. ಹೀಗಿದ್ದೂ 'ಕನ್ನಡ' ಎಂಬಲ್ಲಿ ಒತ್ತಿದರೆ ಮೇಲಿನ ಶೀರ್ಷಿಕೆ ಮಾತ್ರ ಕನ್ನಡವಾಗಿ, ಒಳಗಿನ ಅರ್ಜಿ ಇಂಗ್ಲಿಷಿನಲ್ಲೇ ಉಳಿಯುವ ತಾಣಗಳು ಇಂದಿಗೂ ಇವೆ. ಸುತ್ತೋಲೆಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುತ್ತಾರೆ. ಅದರೊಳಗಿನ ಪದವನ್ನು ಹುಡುಕಲಾಗದು. ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಖಾಲಿ ಹಾಳೆಯಂತೆ.

ಇದಕ್ಕೆ ಮದ್ದು ಗೊತ್ತಿಲ್ಲವೆಂದಲ್ಲ. ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ ವೆಬ್ ವಿನ್ಯಾಸದ ಹತ್ತು ದೊಡ್ಡ ತಪ್ಪುಗಳನ್ನು 1996ರಲ್ಲೇ ಪಟ್ಟಿ ಮಾಡಿದ್ದರು. ಏನು ತಪ್ಪಾಗಿದೆ, ಹೇಗೆ ಸರಿಪಡಿಸಬೇಕು ಎಂಬುದನ್ನು ಸರಳ ಮಾತಿನಲ್ಲಿ ತಿಳಿಸಬೇಕೆಂಬುದು ಅವರ ಸೂತ್ರಗಳಲ್ಲೊಂದು. ಸರಕಾರಿ ಜಾಲತಾಣಗಳಿಗಾಗಿಯೇ 2009ರಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. 2023ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂದಿದೆ. ಕೊರತೆ ಇರುವುದು ನಿಯಮದಲ್ಲಲ್ಲ, ಬಳಸುವವರ ಬಗೆಗಿನ ಕಾಳಜಿಯಲ್ಲಿ.

ಜಾಲತಾಣವೇ ಏಕೈಕ ಬಾಗಿಲಾದಾಗ ಈ ಉದಾಸೀನ ದುಬಾರಿಯಾಗುತ್ತದೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಸರ್ವರ್ ತೊಂದರೆಯಿಂದ ರಾಜ್ಯದ ಹಲವೆಡೆ ಮಹಿಳೆಯರು ಸರದಿಯಲ್ಲಿ ಕಾದು ಬರಿಗೈಯಲ್ಲಿ ಮರಳಿದರು. ವಕ್ಫ್ ಆಸ್ತಿಗಳ ನೋಂದಣಿಗೆ 2025ರ ಜೂನ್ 6ರಂದು ತೆರೆದ 'ಉಮೀದ್' ಪೋರ್ಟಲ್‌ಗೆ ಆರು ತಿಂಗಳ ಗಡುವಿತ್ತು. ಪೋರ್ಟಲ್ ನಿಧಾನವಾಗಿದೆ, ಆಗಾಗ ಕೈಕೊಡುತ್ತಿದೆ ಎಂಬ ದೂರುಗಳು ದೇಶದ ನಾನಾ ಕಡೆಯಿಂದ ಬಂದವು. ಗಡುವನ್ನು ಎಲ್ಲರಿಗೂ ವಿಸ್ತರಿಸಲು ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೊಂದರೆಯಾದವರು ನ್ಯಾಯಮಂಡಳಿಗೆ ಹೋಗಬಹುದು ಎಂದಿತು. ಗಡುವು ಮುಗಿದಾಗ ಸುಮಾರು 5.17 ಲಕ್ಷ ಆಸ್ತಿಗಳ ದಾಖಲೀಕರಣ ಆರಂಭವಾಗಿತ್ತು. ಅನುಮೋದನೆ ದೊರೆತದ್ದು ಸುಮಾರು 2.17 ಲಕ್ಷಕ್ಕೆ. ಈ ಅಂತರಕ್ಕೆಲ್ಲ ತಂತ್ರಾಂಶವೊಂದೇ ಕಾರಣ ಎನ್ನಲಾಗದು. ಆದರೆ ಗಡುವು ಜನರಿಗೆ ಮಾತ್ರ, ಪೋರ್ಟಲ್ಲನ್ನು ಸರಿಪಡಿಸಬೇಕಾದವರಿಗೆ ಇಲ್ಲ ಎಂದರೆ ಅದು ಯಾವ ನ್ಯಾಯ?

ಸರಕಾರದತ್ತ ಬೊಟ್ಟು ಮಾಡುವ ನಾವೂ ಕನ್ನಡಿ ನೋಡಿಕೊಳ್ಳಬೇಕು. ನಮ್ಮ ಶಾಲೆ, ಟ್ರಸ್ಟ್‌ಗಳ ಎಷ್ಟೋ ತಾಣಗಳಲ್ಲಿ ಅಧ್ಯಕ್ಷರ ಭಾವಚಿತ್ರ ಪರದೆ ತುಂಬ ಇರುತ್ತದೆ. ಶುಲ್ಕ ಎಷ್ಟು, ಯಾರಿಗೆ ಫೋನ್ ಮಾಡಬೇಕು ಎಂಬುದು ಸಿಗುವುದಿಲ್ಲ. ಎರಡು ವರ್ಷ ಹಿಂದಿನ ರಮಝಾನ್ ವೇಳಾಪಟ್ಟಿ ಇನ್ನೂ ಅಲ್ಲೇ ಓಡುತ್ತಿರುತ್ತದೆ.

ಅಂದು ಆ ತಾಯಿ ಕೊನೆಗೆ ತಮ್ಮ ಮೊಬೈಲನ್ನೇ ಹುಡುಗನ ಕೈಗಿಟ್ಟು, "ಓಟಿಪಿ ನೀನೇ ನೋಡ್ಕೊಳಪ್ಪಾ" ಎಂದರು. ಆಧಾರ್, ಬ್ಯಾಂಕ್ ಖಾತೆ, ಓಟಿಪಿ ಎಲ್ಲವೂ ಅಪರಿಚಿತನ ಕೈಯಲ್ಲಿ. ಆತ ಪ್ರಾಮಾಣಿಕನಾಗಿದ್ದ, ಎಲ್ಲರೂ ಹಾಗೆಯೇ ಇರುತ್ತಾರೆಂಬ ಖಾತರಿ ಇಲ್ಲ. ಜನರ ಮಾಹಿತಿ ಅಮಾನತ್ತು. ಅದನ್ನು ಕಂಡವರ ಕೈಗಿಡುವಂತೆ ಮಾಡುವ ವ್ಯವಸ್ಥೆ ಆ ಅಮಾನತ್ತಿಗೆ ದ್ರೋಹ ಬಗೆದಂತೆ.

ಹೊಸ ಜಾಲತಾಣವನ್ನು ಉದ್ಘಾಟಿಸುವ ಮುನ್ನ ಅದನ್ನು ಹರಿಹರದ ಒಬ್ಬ ತಾಯಿಯ ಮುಂದಿಡಲಿ. ಅಧಿಕಾರಿಗಳು ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಲಿ. ಆಕೆ ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದ ತಪ್ಪೊಂದಿದೆ.